ತಗ್ಗಿಸಿದ ತಂತಿಯೂ ಬರೆದ ಸ್ವರವೂ: ಗಿಟಾರಿನ ಲಿಪಿಚರಿತ್ರೆಯಲ್ಲಿ ಒಂದು ವಿಚಾರ

೧

ಸಂಗೀತವನ್ನು ಬರೆದಿಡುವ ಚಿಹ್ನೆಯು ಯಾವುದನ್ನು ಹೆಸರಿಸುತ್ತದೆ? ಕಿವಿಗೆ ಕೇಳಬೇಕಾದ ನಾದವನ್ನೋ, ಬೆರಳು ಊರಬೇಕಾದ ಸ್ಥಾನವನ್ನೋ? ಪಿಯಾನೋ ಮೊದಲಾದ ವಾದ್ಯಗಳ ವಿಷಯದಲ್ಲಿ ಈ ಪ್ರಶ್ನೆಯು ಹುಟ್ಟುವುದಿಲ್ಲ. ಅಲ್ಲಿ ಒಂದೊಂದು ಮನೆಗೆ ಒಂದೊಂದೇ ನಾದ. ಸ್ಥಾನವನ್ನು ಹೇಳಿದರೆ ನಾದವನ್ನು ಹೇಳಿದಂತೆಯೇ ಆಯಿತು. ತಂತಿವಾದ್ಯಗಳ ಸ್ಥಿತಿ ಹೀಗಲ್ಲ. ಬಿರಡೆಯನ್ನು ಸ್ವಲ್ಪ ಸಡಿಲಿಸಿದೊಡನೆ ಮೆಟ್ಟುಗಳು ಇದ್ದಲ್ಲಿಯೇ ಇದ್ದರೂ ಅವುಗಳಿಂದ ಹೊರಡುವ ನಾದಗಳು ಬೇರೆಯಾಗುತ್ತವೆ. ಆಗ ಕಾಗದದ ಮೇಲಿನ ಚಿಹ್ನೆಯು ಎರಡರಲ್ಲಿ ಒಂದಕ್ಕೆ ಮಾತ್ರ ನಿಷ್ಠವಾಗಿ ಉಳಿಯಬಲ್ಲುದು. ಯಾವುದಕ್ಕೆ ನಿಷ್ಠವಾಗಿರಬೇಕೆಂಬ ವಿಷಯದಲ್ಲಿ ಯೂರೋಪಿನ ವಾದಕರೂ ಲಿಪಿಕಾರರೂ ನಾಲ್ಕೂವರೆ ಶತಮಾನಗಳಿಂದ ಒಂದೇ ತೀರ್ಮಾನಕ್ಕೆ ಬಂದಿಲ್ಲ. ಗಿಟಾರು ಮತ್ತು ಅದರ ಬಂಧುವಾದ್ಯಗಳ ಚರಿತ್ರೆಯಲ್ಲಿ ಈ ಸಂಗತಿಯು ಬೇರೆಲ್ಲಿಗಿಂತಲೂ ಸ್ಪಷ್ಟವಾಗಿ ಕಾಣಬರುತ್ತದೆ.

ವಿಷಯವನ್ನು ಪ್ರವೇಶಿಸುವ ಮೊದಲು ಕೆಲವು ಪರಿಭಾಷೆಗಳನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ. ಇಂದಿನ ಗಿಟಾರಿಗೆ ಆರು ತಂತಿಗಳು. ತಗ್ಗಿನಿಂದ ಮೇಲಕ್ಕೆ ಅವುಗಳ ಸ್ವರಗಳು ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ. ತಂತಿಗಳ ಎಣಿಕೆಯಾದರೋ ಇದಕ್ಕೆ ವಿರುದ್ಧ. ಅತ್ಯಂತ ಎತ್ತರದ ತಂತಿಯೇ ಮೊದಲನೆಯದು, ಅತ್ಯಂತ ತಗ್ಗಿನದು ಆರನೆಯದು. ಪಕ್ಕಪಕ್ಕದ ಎರಡು ಮೆಟ್ಟುಗಳಿಗಿರುವ ಸ್ವರಭೇದವನ್ನು ಅರ್ಧಾಂತರವೆಂದೂ, ಎರಡು ಮೆಟ್ಟುಗಳಷ್ಟು ಭೇದವನ್ನು ಪೂರ್ಣಾಂತರವೆಂದೂ ಕರೆಯಬಹುದು. ಐದು ಗೆರೆಗಳ ಮೇಲೆ ಬಿಂದುಗಳನ್ನಿಟ್ಟು ಬರೆಯುವ ಪದ್ಧತಿಯು ಪಂಚರೇಖಾಲಿಪಿ. ಒಂದೊಂದು ತಂತಿಗೂ ಒಂದೊಂದು ಗೆರೆ ಎಳೆದು, ಊರಬೇಕಾದ ಮೆಟ್ಟಿನ ಸಂಖ್ಯೆಯನ್ನು ಅದರ ಮೇಲೆ ಬರೆಯುವ ಪದ್ಧತಿಯು ಅಂಕಲಿಪಿ. ಸ್ಪೇನಿನವರು ಇದನ್ನು ‘ಸಿಫ್ರ’, ಎಂದರೆ ಅಂಕಿ, ಎಂದು ಕರೆದರು. ಮೊದಲನೆಯದು ಸ್ವಭಾವತಃ ನಾದವಾಚಕವಾದುದು, ಎರಡನೆಯದು ಸ್ಥಾನವಾಚಕವಾದುದು.

ತಂತಿಗಳನ್ನು ತಗ್ಗಿಸುವುದರಲ್ಲಿಯೂ ಎರಡು ಬಗೆಗಳುಂಟು. ಆರು ತಂತಿಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸುವುದು ಸಮವಾದ ಇಳಿಕೆ. ಒಂದೆರಡು ತಂತಿಗಳನ್ನು ಮಾತ್ರ ಇಳಿಸುವುದು ವಿಷಮವಾದ ಇಳಿಕೆ. ಮೊದಲನೆಯದರಲ್ಲಿ ತಂತಿತಂತಿಗಳ ಪರಸ್ಪರ ಸಂಬಂಧವು ಕೆಡುವುದಿಲ್ಲ. ಎರಡನೆಯದರಲ್ಲಿ ಆ ಸಂಬಂಧವೇ ಮಾರ್ಪಡುತ್ತದೆ. ಓದುವವನ ಕಷ್ಟವು ಈ ಎರಡರಲ್ಲಿಯೂ ಬೇರೆಬೇರೆ ವಿಧವಾದುದು. ಈ ಭೇದವನ್ನು ಗಮನಿಸದಿರುವುದೇ ಹಲವು ತಪ್ಪು ಪಾಠಗಳಿಗೆ ಮೂಲವೆಂಬುದು ಮುಂದೆ ವ್ಯಕ್ತವಾಗುವುದು.

ಕರ್ಣಾಟಕ ಸಂಗೀತವನ್ನು ಬಲ್ಲ ಓದುಗರಿಗೆ ಸಮವಾದ ಇಳಿಕೆಯು ಆಶ್ಚರ್ಯಕರವೆನಿಸದು. ಗಾಯಕನ ಕಂಠಕ್ಕೆ ಅನುಗುಣವಾಗಿ ಆಧಾರಶ್ರುತಿಯನ್ನು ಏರಿಸುವುದೂ ಇಳಿಸುವುದೂ ಅಲ್ಲಿ ನಿತ್ಯದ ವ್ಯವಹಾರ. ಷಡ್ಜವೆಂಬುದು ಒಂದು ಸಂಬಂಧದ ಹೆಸರೇ ಹೊರತು ನಿಯತವಾದ ಕಂಪನಸಂಖ್ಯೆಯ ಹೆಸರಲ್ಲ. ಶ್ರುತಿ ಬದಲಾದರೂ ಬರೆದ ಕೀರ್ತನೆ ಬದಲಾಗುವುದಿಲ್ಲ. ಯೂರೋಪಿನಲ್ಲಿ ‘ಎ’ ಎಂಬ ಅಕ್ಷರವು ಕ್ರಮೇಣ ನಿಯತವಾದ ಒಂದು ನಾದದ ಹೆಸರಾಗಿ ಗಟ್ಟಿಗೊಂಡಿತು. ತಗ್ಗಿದ ಗಿಟಾರಿನ ತೊಡಕೆಲ್ಲವೂ ಈ ಗಟ್ಟಿಗೊಳ್ಳುವಿಕೆಯಿಂದ ಉಂಟಾದುದು. ಆದರೆ ಆ ಸಂಗೀತದಲ್ಲಿಯೂ ಮೊದಲಿನಿಂದ ಹೀಗಿರಲಿಲ್ಲ.

೨

ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ವಿದ್ವಜ್ಜನರ ಮನ್ನಣೆಗೆ ಪಾತ್ರವಾಗಿದ್ದ ವಾದ್ಯವು ವಿಹುವೇಲ. ಆಕಾರದಲ್ಲಿ ಇದು ಗಿಟಾರನ್ನು ಹೋಲುತ್ತಿತ್ತು, ಆರು ಜೋಡಿತಂತಿಗಳಿದ್ದವು. ಈ ವಾದ್ಯಕ್ಕಾಗಿ ಮುದ್ರಿತವಾದ ಗ್ರಂಥಗಳಲ್ಲಿ ಉಪಲಬ್ಧವಿರುವ ಮೊದಲನೆಯದು ಲೂಯಿಸ್ ಮಿಲಾನನ ‘ಎಲ್ ಮಾಯೆಸ್ತ್ರೊ’. ೧೫೩೬ರಲ್ಲಿ ವಲೆನ್ಸಿಯಾದಲ್ಲಿ ಪ್ರಕಟವಾದುದು. ಶ್ರುತಿ ಮಾಡುವ ಕ್ರಮವನ್ನು ಮಿಲಾನನು ಹೇಳುವ ರೀತಿಯು ಗಮನಾರ್ಹವಾದುದು. ವಾದ್ಯವು ದೊಡ್ಡದಾದರೆ ದಪ್ಪ ತಂತಿಯನ್ನೂ ಚಿಕ್ಕದಾದರೆ ತೆಳು ತಂತಿಯನ್ನೂ ಆರಿಸಬೇಕು. ಅನಂತರ ಮೊದಲನೆಯ ತಂತಿಯನ್ನು ಅದು ತಾಳುವಷ್ಟು ಎತ್ತರಕ್ಕೆ ಬಿಗಿಯಬೇಕು. ಉಳಿದವನ್ನು ಅದಕ್ಕೆ ಹೊಂದಿಸಬೇಕು. ಇಲ್ಲಿ ನಿಯತವಾದ ನಾದದ ಪ್ರಸ್ತಾಪವೇ ಇಲ್ಲ. ತಂತಿಯ ತಾಳಿಕೆಯೇ ಪ್ರಮಾಣ. ಹಾಗಿದ್ದರೂ ಗ್ರಂಥದಲ್ಲಿ ಬರೆದ ಕೃತಿಗಳನ್ನು ಓದುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಏಕೆಂದರೆ ಅಂಕಲಿಪಿಯು ಹೇಳುವುದು ಇಂಥ ತಂತಿಯ ಇಂಥ ಮೆಟ್ಟೆಂಬುದನ್ನು ಮಾತ್ರ. ವಾದ್ಯವು ಎಷ್ಟೇ ತಗ್ಗಿರಲಿ, ಎಷ್ಟೇ ಎತ್ತರವಿರಲಿ, ಓದುವ ಕ್ರಮ ಒಂದೇ.

ತೊಡಕು ಹುಟ್ಟುತ್ತಿದ್ದುದು ಬೇರೆ ಸಂದರ್ಭದಲ್ಲಿ. ಗಾಯಕರಿಗಾಗಿ ಪಂಚರೇಖಾಲಿಪಿಯಲ್ಲಿ ಬರೆದಿದ್ದ ಬಹುಕಂಠ ರಚನೆಗಳನ್ನು ವಿಹುವೇಲಕ್ಕೆ ಅಳವಡಿಸುವಾಗ ನಾದವಾಚಕವಾದ ಲಿಪಿಯನ್ನು ಸ್ಥಾನವಾಚಕವಾದ ಲಿಪಿಗೆ ಪರಿವರ್ತಿಸಬೇಕಾಗಿತ್ತು. ಲೂಯಿಸ್ ದೆ ನಾರ್ವಾಯೆಸನು ೧೫೩೮ರಲ್ಲಿ ವಾಯದೊಲೀದಿನಲ್ಲಿ ಪ್ರಕಟಿಸಿದ ‘ದೆಲ್ಫಿನ್’ ಎಂಬ ಆರು ಭಾಗಗಳ ಗ್ರಂಥದಲ್ಲಿ ಇದಕ್ಕೊಂದು ಉಪಾಯವನ್ನು ಕಾಣಬಹುದು. ಇಂಥ ತಂತಿಯ ಇಂಥ ಮೆಟ್ಟಿನಲ್ಲಿ ‘ಫಾ’ ಸ್ವರದ ಸಂಕೇತವಿದೆ, ಇಂಥಲ್ಲಿ ‘ದೋ’ ಸ್ವರದ ಸಂಕೇತವಿದೆ, ಎಂದು ಅವನು ಕೃತಿಯ ಮೊದಲಲ್ಲಿ ಸೂಚಿಸುತ್ತಾನೆ. ಒಂದು ಕೃತಿಯಲ್ಲಿ ಆ ಸಂಕೇತವು ಒಂದು ಮೆಟ್ಟಿನಲ್ಲಿದ್ದರೆ ಮತ್ತೊಂದರಲ್ಲಿ ಬೇರೊಂದು ಮೆಟ್ಟಿನಲ್ಲಿರುತ್ತದೆ. ಎಂದರೆ ತಂತಿಗಳ ಬಿಗಿಯನ್ನು ಮುಟ್ಟದೆಯೇ ಅವುಗಳ ಹೆಸರನ್ನು ಮಾತ್ರ ಬದಲಾಯಿಸಿದಂತಾಯಿತು.

ಈ ಉಪಾಯಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವನು ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಯಾದ ಹ್ವಾನ್ ಬೆರ್ಮೂದೊ. ೧೫೫೫ರಲ್ಲಿ ಓಸುನಾ ಎಂಬ ಊರಿನಲ್ಲಿ ಪ್ರಕಟವಾದ ಅವನ ವಾದ್ಯವಿವರಣ ಗ್ರಂಥದಲ್ಲಿ ಹಲವು ವಿಹುವೇಲಗಳ ಚಿತ್ರಗಳುಂಟು. ಒಂದರ ಆರನೆಯ ತಂತಿಗೆ ಒಂದು ಸ್ವರದ ಹೆಸರು, ಇನ್ನೊಂದರದಕ್ಕೆ ಅದರ ಮುಂದಿನ ಸ್ವರದ ಹೆಸರು, ಹೀಗೆ ಸ್ವರಶ್ರೇಣಿಯನ್ನು ಅನುಸರಿಸಿ ಅವು ಸಾಗುತ್ತವೆ. ಇವು ಬೇರೆಬೇರೆ ವಾದ್ಯಗಳೆಂದು ತಿಳಿಯಬಾರದು. ವಾದಕನ ಕೈಯಲ್ಲಿರುವ ವಾದ್ಯವು ಒಂದೇ. ಎದುರಿಗಿರುವ ರಚನೆಯ ವ್ಯಾಪ್ತಿಗೆ ತಕ್ಕಂತೆ ಅದನ್ನು ಇಂಥ ಶ್ರುತಿಯ ವಾದ್ಯವೆಂದು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕೆಂಬುದು ಬೆರ್ಮೂದೊನ ಉಪದೇಶ. ಇಂದು ಪೂರ್ಣಾಂತರದಷ್ಟು ತಗ್ಗಿಸಿದ ಗಿಟಾರಿನಲ್ಲಿ ಪಿಯಾನೋವಿಗೆ ಬರೆದ ಹಾಳೆಯನ್ನು ಓದುವವನು ಬರೆದ ‘ಸಿ’ ಸ್ವರವನ್ನು ‘ಡಿ’ ಸ್ವರದ ಸ್ಥಾನದಲ್ಲಿ ನುಡಿಸಬೇಕಾಗುವುದು. ಮೆಟ್ಟುಗಳಿಗೆ ಹೊಸ ಹೆಸರುಗಳನ್ನು ಕಲ್ಪಿಸಿಕೊಳ್ಳದೆ ಅವನಿಗೆ ಗತ್ಯಂತರವಿಲ್ಲ. ಬೆರ್ಮೂದೊನ ಚಿತ್ರಗಳು ಕಲಿಸುವುದು ಈ ಅಭ್ಯಾಸವನ್ನೇ.

ಎರಡು ವಾದ್ಯಗಳು ಜೊತೆಗೂಡಿದಾಗ ಅಂಕಲಿಪಿಯ ಶಕ್ತಿಯು ಇನ್ನೂ ಚೆನ್ನಾಗಿ ವ್ಯಕ್ತಪಡುತ್ತದೆ. ಎನ್ರೀಕೆಸ್ ದೆ ವಾಲ್ದೆರ್ರಾಬಾನೊ ಎಂಬವನು ೧೫೪೭ರಲ್ಲಿ ಪ್ರಕಟಿಸಿದ ‘ಸಿಲ್ವಾ ದೆ ಸಿರೇನಾಸ್’ ಎಂಬ ಗ್ರಂಥದಲ್ಲಿ ಜೋಡಿ ವಿಹುವೇಲಗಳಿಗಾಗಿ ರಚಿಸಿದ ಕೃತಿಗಳುಂಟು. ಕೆಲವದರಲ್ಲಿ ಎರಡು ವಾದ್ಯಗಳ ಶ್ರುತಿಯೂ ಒಂದೇ. ಉಳಿದವುಗಳಲ್ಲಿ ಒಂದಕ್ಕಿಂತ ಇನ್ನೊಂದು ಮೂರನೆಯ, ನಾಲ್ಕನೆಯ ಅಥವಾ ಐದನೆಯ ಸ್ವರದಷ್ಟು ಬೇರೆ. ವಾದಕರಿಬ್ಬರೂ ತಮ್ಮತಮ್ಮ ಅಂಕಿಗಳನ್ನು ಎಂದಿನಂತೆ ಓದುತ್ತಾರೆ. ನಾದಗಳು ತಾವಾಗಿಯೇ ಸಂಗತವಾಗುತ್ತವೆ. ಸಮವಾದ ಇಳಿಕೆಗೆ ಸ್ಥಾನವಾಚಕ ಲಿಪಿಯೇ ತಕ್ಕದೆಂಬುದು ಆ ಕಾಲಕ್ಕೇ ಅನುಭವಸಿದ್ಧವಾಗಿದ್ದಿತು.

೩

ವಿಷಮವಾದ ಇಳಿಕೆಯೂ ಅಷ್ಟೇ ಪ್ರಾಚೀನವಾದುದು. ಗಿಟಾರಿಗಾಗಿ ಮುದ್ರಿತವಾದ ಸಂಗೀತದಲ್ಲಿ ಇಂದು ತಿಳಿದಿರುವ ಅತ್ಯಂತ ಹಳೆಯದು ಅಲೋನ್ಸೊ ಮುದಾರ್ರನ ‘ಮೂರು ಗ್ರಂಥಗಳು’ ಎಂಬ ಸಂಪುಟದಲ್ಲಿದೆ. ೧೫೪೬ರಲ್ಲಿ ಸೆವಿಲ್ಲಿನಲ್ಲಿ ಅಚ್ಚಾದುದು. ವಿಹುವೇಲದ ಕೃತಿಗಳ ನಡುವೆ ಅಂದಿನ ನಾಲ್ಕು ತಂತಿಜೋಡಿಗಳ ಗಿಟಾರಿಗೆ ಆರು ಕೃತಿಗಳನ್ನು ಮುದಾರ್ರನು ಸೇರಿಸಿದ್ದಾನೆ. ಇವುಗಳಲ್ಲಿ ಮೊದಲನೆಯದಕ್ಕೆ ‘ಹಳೆಯ ಶ್ರುತಿ’ ಎಂದೂ, ಉಳಿದವಕ್ಕೆ ‘ಹೊಸ ಶ್ರುತಿ’ ಎಂದೂ ಸೂಚನೆಯಿದೆ. ಹಳೆಯದಕ್ಕೂ ಹೊಸದಕ್ಕೂ ಇರುವ ಭೇದವು ನಾಲ್ಕನೆಯ ತಂತಿಯೊಂದರಲ್ಲಿ ಮಾತ್ರ. ಹಳೆಯ ಶ್ರುತಿಯಲ್ಲಿ ಅದು ಒಂದು ಪೂರ್ಣಾಂತರದಷ್ಟು ತಗ್ಗಿನಲ್ಲಿರುತ್ತದೆ. ಹೀಗೆ ಗಿಟಾರಿನ ಮುದ್ರಿತ ಸಂಗೀತದ ಮೊದಲ ಕೃತಿಯೇ ತಗ್ಗಿಸಿದ ಮಂದ್ರತಂತಿಯ ಕೃತಿಯಾಗಿದೆ. ತಂತಿಯನ್ನು ತಗ್ಗಿಸುವುದು ಈಚಿನವರ ಸ್ವೇಚ್ಛಾಚಾರವೆಂದು ತಿಳಿಯುವವರು ಈ ಸಂಗತಿಯನ್ನು ನೆನೆಯಬೇಕು. ಹಳೆಯ ಶ್ರುತಿಯು ಹಳೆಯ ಕಥನಗೀತಗಳಿಗೂ ತಂತಿಗಳನ್ನು ಒಟ್ಟಿಗೆ ಹೊಡೆದು ನುಡಿಸುವ ವಾದನಕ್ಕೂ ತಕ್ಕುದೆಂದೂ, ತನ್ನ ಕಾಲದ ಸಂಗೀತಕ್ಕೆ ಅಷ್ಟಾಗಿ ಒಗ್ಗದೆಂದೂ ಬೆರ್ಮೂದೊನು ಹೇಳುತ್ತಾನೆ. ಇದರಿಂದ ತಗ್ಗಿಸಿದ ತಂತಿಯು ಜನಪದದ ಬಳಕೆಗೆ ಹತ್ತಿರವಾಗಿದ್ದಿತೆಂದು ಊಹಿಸಬಹುದು.

ಇಲ್ಲಿ ಪಾಠಶೋಧಕರು ಗಮನಿಸಬೇಕಾದ ಒಂದು ವಿಷಯವುಂಟು. ಅಂಕಿಗಳನ್ನು ಮಾತ್ರ ನೋಡಿದರೆ ಹಳೆಯ ಶ್ರುತಿಯ ಕೃತಿಗೂ ಹೊಸ ಶ್ರುತಿಯ ಕೃತಿಗೂ ಹೊರನೋಟಕ್ಕೆ ಯಾವ ಭೇದವೂ ಇಲ್ಲ. ಶೀರ್ಷಿಕೆಯಲ್ಲಿರುವ ಒಂದೆರಡು ಪದಗಳನ್ನು ಲಿಪಿಕಾರನು ಬಿಟ್ಟನೆಂದರೆ ನಾಲ್ಕನೆಯ ತಂತಿಯ ಸ್ವರಗಳೆಲ್ಲವೂ ಪೂರ್ಣಾಂತರದಷ್ಟು ಏರಿ, ಕೃತಿಯ ಆಧಾರವೇ ಕುಸಿದುಬೀಳುತ್ತದೆ. ಅಂಕಿಗಳೆಲ್ಲವೂ ಶುದ್ಧವಾಗಿದ್ದು ಕೃತಿಯು ಅಶುದ್ಧವಾಗುವ ವಿಚಿತ್ರ ಸನ್ನಿವೇಶವಿದು.

ಹದಿನೇಳನೆಯ ಶತಮಾನದಲ್ಲಿ ಐದು ತಂತಿಜೋಡಿಗಳ ಗಿಟಾರು ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಹರಡಿದಾಗ ಲಿಪಿಯು ನಾದದಿಂದ ಇನ್ನೂ ದೂರಕ್ಕೆ ಸರಿಯಿತು. ಜಿರೋಲಾಮೊ ಮಾಂಟೆಸಾರ್ಡೊ ಎಂಬವನು ೧೬೦೬ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚುಮಾಡಿಸಿದ ಪುಸ್ತಕದಿಂದ ಪ್ರಚಾರಕ್ಕೆ ಬಂದ ‘ಆಲ್ಫಬೆತೊ’ ಪದ್ಧತಿಯಲ್ಲಿ ಒಂದೊಂದು ಅಕ್ಷರವು ಎಡಗೈ ಬೆರಳುಗಳ ಒಂದೊಂದು ವಿನ್ಯಾಸವನ್ನು ಸೂಚಿಸುತ್ತದೆ. ಅಲ್ಲಿಯ ‘ಎ’ ಎಂಬ ಅಕ್ಷರವು ‘ಎ’ ಸ್ವರದ ಮೇಳವಲ್ಲ. ‘ಜಿ’ ಸ್ವರದ ಮೇಳ. ‘ಬಿ’ ಎಂಬುದು ‘ಸಿ’ ಸ್ವರದ ಮೇಳ. ಅಕ್ಷರಕ್ಕೂ ನಾದಕ್ಕೂ ಹೆಸರಿನ ಸಂಬಂಧವೂ ಉಳಿಯಲಿಲ್ಲ. ಗಾಯಕನಿಗೆ ಎತ್ತರವಾದರೆ ವಾದ್ಯವನ್ನು ತಗ್ಗಿಸಿದರಾಯಿತು, ಅಕ್ಷರಗಳನ್ನು ತಿದ್ದಬೇಕಾದುದಿಲ್ಲ.

ಈ ಸೌಕರ್ಯಕ್ಕೆ ತೆತ್ತ ಬೆಲೆಯೇನೆಂಬುದು ಗಾಸ್ಪರ್ ಸಾನ್ಸನ ಗ್ರಂಥದಿಂದ ತಿಳಿಯಬರುತ್ತದೆ. ೧೬೭೪ರಲ್ಲಿ ಸಾರಗೋಸಾದಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ತಂತಿ ಕಟ್ಟುವ ಎರಡು ಸಂಪ್ರದಾಯಗಳನ್ನು ಸಾನ್ಸನು ಹೇಳುತ್ತಾನೆ. ರೋಮಿನ ಆಚಾರ್ಯರು ನಾಲ್ಕನೆಯ ಮತ್ತು ಐದನೆಯ ಜೋಡಿಗಳಿಗೂ ತೆಳುವಾದ ತಂತಿಗಳನ್ನೇ ಕಟ್ಟುತ್ತಾರೆ. ಸ್ಪೇನಿನಲ್ಲಿ ಆ ಜೋಡಿಗಳಿಗೆ ದಪ್ಪ ಮಂದ್ರತಂತಿಗಳನ್ನು ಸೇರಿಸುವ ರೂಢಿಯುಂಟು. ಹೊಡೆದು ನುಡಿಸುವುದಕ್ಕೆ ಎರಡನೆಯದೂ, ಬಿಡಿಬಿಡಿಯಾಗಿ ಮೀಟುವುದಕ್ಕೆ ಮೊದಲನೆಯದೂ ಲೇಸೆಂಬುದು ಅವನ ಅಭಿಪ್ರಾಯ. ರೋಮಿನ ಕ್ರಮದಲ್ಲಿ ಐದನೆಯ ತಂತಿಯು ಮೂರನೆಯ ತಂತಿಗಿಂತಲೂ ಒಂದು ಪೂರ್ಣಾಂತರ ಎತ್ತರದಲ್ಲಿರುತ್ತದೆ. ಸ್ಪೇನಿನ ಕ್ರಮದಲ್ಲಿ ಅದೇ ತಂತಿಯಲ್ಲಿ ಒಂದು ಸ್ಥಾಯಿ ತಗ್ಗಿನ ನಾದವೂ ಕೇಳಿಸುತ್ತದೆ. ಅಂಕಲಿಪಿಯಲ್ಲಿ ಈ ಭೇದಕ್ಕೆ ಚಿಹ್ನೆಯೇ ಇಲ್ಲ. ಆದುದರಿಂದ ತಂತಿ ಕಟ್ಟುವ ಕ್ರಮವನ್ನು ಬರೆದಿಡದ ಗ್ರಂಥಗಳ ವಿಷಯದಲ್ಲಿ ಒಂದು ಪಂಕ್ತಿಯು ಕೆಳಗಿಳಿಯುವ ಮಂದ್ರವೋ ಮೇಲಿನ ರಾಗದ ಮುಂದುವರಿಕೆಯೋ ಎಂಬ ಚರ್ಚೆಯು ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಅಕ್ಷರವು ಉಳಿದು ಉಚ್ಚಾರಣೆಯು ಅಳಿದ ಭಾಷೆಯನ್ನು ಓದುವವರ ಕಷ್ಟಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

೪

ಪಂಚರೇಖಾಲಿಪಿಯು ನಾದವಾಚಕವಾದುದೆಂದು ಮೇಲೆ ಹೇಳಿತಷ್ಟೆ. ಆದರೆ ತಂತಿಗಳ ಶ್ರುತಿಯನ್ನು ಮಾರ್ಪಡಿಸಿದಾಗ ಆ ಲಿಪಿಯೂ ತನ್ನ ಸ್ವಭಾವವನ್ನು ಬಿಟ್ಟು ಸ್ಥಾನವಾಚಕವಾದ ನಿದರ್ಶನಗಳುಂಟು. ಇವು ಗಿಟಾರಿನವಲ್ಲದಿದ್ದರೂ ಗಿಟಾರಿನ ಪ್ರಶ್ನೆಗೆ ಅತ್ಯಂತ ಉಪಯುಕ್ತವಾಗಿವೆ.

ಪಿಟೀಲಿನ ತಂತಿಗಳನ್ನು ರೂಢಿಗಿಂತ ಬೇರೆಯಾಗಿ ಶ್ರುತಿಮಾಡುವುದಕ್ಕೆ ಇಟಲಿಯ ಭಾಷೆಯಲ್ಲಿ ‘ಸ್ಕೊರ್ದತೂರ’ ಎಂದು ಹೆಸರು. ಹೈನ್ರಿಕ್ ಬೀಬರನು ಸುಮಾರು ೧೬೭೬ರಲ್ಲಿ ರಚಿಸಿದ ಜಪಮಾಲೆಯ ಸೊನಾಟಗಳು ಹದಿನೈದು. ಕೊನೆಯಲ್ಲಿ ಒಂದು ಪಸ್ಸಕಾಲಿಯವುಂಟು. ಮೊದಲನೆಯ ಸೊನಾಟವನ್ನೂ ಕೊನೆಯ ಪಸ್ಸಕಾಲಿಯವನ್ನೂ ಬಿಟ್ಟರೆ ಉಳಿದ ಹದಿನಾಲ್ಕಕ್ಕೂ ರೂಢಿಯ ಶ್ರುತಿಯಿಲ್ಲ. ಬೀಬರನು ಪಂಚರೇಖೆಗಳ ಮೇಲೆ ಬರೆದಿರುವುದು ಕೇಳುವ ಸ್ವರಗಳನ್ನಲ್ಲ. ವಾದ್ಯವು ರೂಢಿಯ ಶ್ರುತಿಯಲ್ಲಿದ್ದರೆ ಆ ಬೆರಳಿಗೆ ಬರಬಹುದಾಗಿದ್ದ ಸ್ವರಗಳನ್ನು. ಲಿಪಿಯನ್ನು ನೋಡಿ ಮನಸ್ಸಿನಲ್ಲಿಯೇ ಹಾಡಿಕೊಳ್ಳುವವನಿಗೆ ಅಲ್ಲಿ ಅಸಂಗತವಾದ ಸ್ವರಗಳು ಕಾಣುತ್ತವೆ. ಕಣ್ಣನ್ನು ನಂಬಿ ಬೆರಳಿಡುವವನಿಗೆ ಸುಸಂಗತವಾದ ಸಂಗೀತವು ಕೇಳುತ್ತದೆ.

ತಗ್ಗಿಸಿದ ತಂತಿಗೆ ಇದಕ್ಕಿಂತಲೂ ನೇರವಾದ ಸಾಕ್ಷ್ಯವು ಯೋಹಾನ್ ಸೆಬಾಸ್ಟಿಯನ್ ಬಾಖನ ಐದನೆಯ ಸೆಲ್ಲೋ ಸ್ವೀಟ್. ಇಲ್ಲಿ ಮೊದಲನೆಯ ತಂತಿಯನ್ನು ‘ಎ’ ಸ್ವರದಿಂದ ‘ಜಿ’ ಸ್ವರಕ್ಕೆ, ಎಂದರೆ ಒಂದು ಪೂರ್ಣಾಂತರ, ಇಳಿಸಬೇಕು. ಬಾಖನ ಪತ್ನಿಯಾದ ಆನ್ನಾ ಮಗ್ದಲೇನಳ ಕೈಬರಹದ ಪ್ರತಿಯಲ್ಲಿ ಆ ತಂತಿಯ ಮೇಲೆ ನುಡಿಸುವ ಸ್ವರಗಳೆಲ್ಲವೂ ನಿಜವಾಗಿ ಕೇಳುವುದಕ್ಕಿಂತ ಒಂದು ಪೂರ್ಣಾಂತರ ಎತ್ತರವಾಗಿ ಬರೆದಿವೆ; ಉಳಿದ ಮೂರು ತಂತಿಗಳ ಸ್ವರಗಳು ಕೇಳುವಂತೆಯೇ ಇವೆ. ಒಂದೇ ಪುಟದಲ್ಲಿ, ಒಂದೇ ಪಂಕ್ತಿಯಲ್ಲಿ, ಲಿಪಿಯು ಅರ್ಧ ನಾದವಾಚಕವಾಗಿಯೂ ಅರ್ಧ ಸ್ಥಾನವಾಚಕವಾಗಿಯೂ ಇದೆ. ಯಾವ ಬಿಂದುವು ಯಾವ ತಂತಿಗೆ ಸೇರಿದುದೆಂಬುದನ್ನು ಅರಿಯದೆ ಈ ಕೃತಿಯನ್ನು ಓದುವುದು ಅಸಾಧ್ಯ.

ಈ ಓದು ಸರಿಯೆಂಬುದಕ್ಕೆ ಪ್ರಮಾಣವೇನು? ಅದೃಷ್ಟವಶಾತ್ ಇದೇ ಕೃತಿಯನ್ನು ಬಾಖನು ತಾನೇ ಲ್ಯೂಟ್ ಎಂಬ ವಾದ್ಯಕ್ಕಾಗಿ ಬೇರೆ ಶ್ರುತಿಯಲ್ಲಿ ಬರೆದ ಸ್ವಹಸ್ತಪ್ರತಿಯು ಬ್ರಸೆಲ್ಸಿನ ರಾಜಗ್ರಂಥಾಲಯದಲ್ಲಿ ಉಳಿದಿದೆ. ಸೆಲ್ಲೋವಿಗೆ ‘ಸಿ’ ಸ್ವರವು ಆಧಾರವಾದರೆ ಲ್ಯೂಟಿಗೆ ‘ಜಿ’ ಸ್ವರವು ಆಧಾರ. ಲ್ಯೂಟಿನ ಪ್ರತಿಯಲ್ಲಿ ಒಂದೊಂದು ತಂತಿಗೆ ಒಂದೊಂದು ನಿಯಮವೆಂಬ ತೊಡಕಿಲ್ಲ. ಆದುದರಿಂದ ಎರಡನ್ನೂ ಹೋಲಿಸಿ ನೋಡಿದರೆ ಸೆಲ್ಲೋ ಪ್ರತಿಯ ಮೊದಲನೆಯ ತಂತಿಯ ಸ್ವರಗಳನ್ನು ಇಳಿಸಿಯೇ ಓದಬೇಕೆಂಬುದು ನಿಸ್ಸಂದೇಹವಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಒಂದು ಪ್ರತಿಯ ಸಂದಿಗ್ಧ ಪಾಠವನ್ನು ಮತ್ತೊಂದು ಪ್ರತಿಯಿಂದ ನಿರ್ಣಯಿಸುವ ಕ್ರಮವೇ ಇದು. ಈಚಿನ ವಾದಕರಲ್ಲಿ ಹಲವರು ಶ್ರುತಿಯನ್ನು ಬದಲಾಯಿಸದೆಯೇ ಈ ಸ್ವೀಟನ್ನು ನುಡಿಸುವುದುಂಟು. ಹಾಗೆ ಮಾಡಿದಾಗ ಕೆಲವು ಸ್ವರಮೇಳಗಳನ್ನು ಮಾರ್ಪಡಿಸಬೇಕಾಗುವುದಲ್ಲದೆ, ಸಡಿಲಿಸಿದ ತಂತಿಯ ಮಬ್ಬಾದ ಧ್ವನಿಯೂ ತಪ್ಪಿಹೋಗುತ್ತದೆ.

೫

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಗಿಟಾರಿನಲ್ಲಿ ಅಂಕಲಿಪಿಯು ಹಿಂದೆ ಸರಿದು ಪಂಚರೇಖಾಲಿಪಿಯು ನೆಲೆಗೊಂಡಿತು. ಫೆದೆರೀಕೊ ಮೊರೆತ್ತಿಯು ೧೭೯೯ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಪ್ರಕಟಿಸಿದ ಬೋಧಗ್ರಂಥವೂ, ಫೆರ್ನಾಂದೊ ಸೋರನು ೧೮೩೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಗ್ರಂಥವೂ ಈ ಹೊಸ ಲಿಪಿಯ ಪಕ್ಷದವು. ಒಂದೊಂದು ಕಂಠದ ಚಲನೆಯನ್ನೂ ಬೇರೆಬೇರೆಯಾಗಿ ಕಾಣಿಸುವುದು ಈ ಲಿಪಿಯ ಗುಣ. ಅಂಕಿಗಳಲ್ಲಿ ಅಡಗಿಹೋಗುತ್ತಿದ್ದ ರಚನಾಕ್ರಮವು ಇಲ್ಲಿ ಕಣ್ಣಿಗೆ ಗೋಚರವಾಯಿತು. ಆದರೆ ಹೊಸ ಲಿಪಿಯಲ್ಲಿಯೂ ಗಿಟಾರಿನ ನಾದವು ಬರೆದುದಕ್ಕಿಂತ ಒಂದು ಸ್ಥಾಯಿ ತಗ್ಗಾಗಿಯೇ ಕೇಳುತ್ತದೆ; ಒಂದೇ ಪಂಚರೇಖೆಯಲ್ಲಿ ವಾದ್ಯದ ವ್ಯಾಪ್ತಿಯೆಲ್ಲವನ್ನೂ ಅಡಕಮಾಡುವುದಕ್ಕಾಗಿ ಒಪ್ಪಿಕೊಂಡ ಸಂಕೇತವಿದು. ಎಂದರೆ ಶುದ್ಧ ನಾದವಾಚಕವೆಂದು ಸ್ವೀಕೃತವಾದ ಲಿಪಿಯೂ ಗಿಟಾರಿನ ವಿಷಯದಲ್ಲಿ ಮೊದಲಿನಿಂದಲೇ ಪೂರ್ತಿಯಾಗಿ ನಾದವಾಚಕವಾಗಿರಲಿಲ್ಲ.

ಆರನೆಯ ತಂತಿಯನ್ನು ‘ಇ’ ಸ್ವರದಿಂದ ‘ಡಿ’ ಸ್ವರಕ್ಕೆ ಇಳಿಸುವ ರೂಢಿಯು ಈ ಕಾಲದಲ್ಲಿ ಸುಪ್ರತಿಷ್ಠಿತವಾಯಿತು. ಸೋರನ ಹದಿನಾಲ್ಕನೆಯ ಕೃತಿಯಾದ ‘ಗ್ರಾನ್ ಸೋಲೊ’ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದೇ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ಕೊ ತಾರ್ರೆಗನ ‘ಕಪ್ರಿಚೊ ಆರಬೆ’ ಮತ್ತೊಂದು. ಬೀಬರನೂ ಬಾಖನ ಸೆಲ್ಲೋ ಪ್ರತಿಯೂ ಅನುಸರಿಸಿದ ಮಾರ್ಗವನ್ನು ಗಿಟಾರಿನವರು ಇಲ್ಲಿ ಅನುಸರಿಸಲಿಲ್ಲ. ತಗ್ಗಿಸಿದ ತಂತಿಯ ಸ್ವರಗಳನ್ನೂ ಕೇಳುವ ಸ್ವರಗಳ ಹೆಸರಿನಿಂದಲೇ ಬರೆದರು. ಆದುದರಿಂದ ಓದುವ ಭಾರವು ವಾದಕನ ಮೇಲೆ ಬಿದ್ದಿತು. ಬರೆದ ‘ಇ’ ಸ್ವರವು ಈಗ ಬಿಟ್ಟ ತಂತಿಯಲ್ಲಿಲ್ಲ, ಎರಡನೆಯ ಮೆಟ್ಟಿನಲ್ಲಿದೆ. ‘ಎಫ್’ ಒಂದನೆಯದರಿಂದ ಮೂರನೆಯದಕ್ಕೂ, ‘ಜಿ’ ಮೂರನೆಯದರಿಂದ ಐದನೆಯದಕ್ಕೂ ಸರಿದಿವೆ. ಉಳಿದ ಐದು ತಂತಿಗಳು ಎಂದಿನಂತೆಯೇ ಇವೆ. ಐದು ತಂತಿಗಳಲ್ಲಿ ಹಳೆಯ ಅಭ್ಯಾಸವನ್ನು ಇಟ್ಟುಕೊಂಡು ಒಂದರಲ್ಲಿ ಮಾತ್ರ ಅದನ್ನು ಮರೆಯಬೇಕಾಗಿರುವುದರಿಂದಲೇ ಕಲಿಯುವವರು ಇಲ್ಲಿ ಎಡವುವುದು ಹೆಚ್ಚು.

ಸಮವಾದ ಬದಲಾವಣೆಯಲ್ಲಾದರೋ ಅದೇ ಕಾಲದವರು ಇದಕ್ಕೆ ವಿರುದ್ಧವಾದ ಕ್ರಮವನ್ನು ಹಿಡಿದರು. ಮಾವ್ರೊ ಜೂಲಿಯಾನಿಯ ಎಪ್ಪತ್ತನೆಯ ಕೃತಿಯಾದ ಕಂಚೆರ್ಟೊವು ‘ಟೆರ್ಟ್ಸ್’ ಗಿಟಾರಿಗೆ ಬರೆದುದು. ಈ ಚಿಕ್ಕ ಗಿಟಾರಿನ ಆರು ತಂತಿಗಳೂ ರೂಢಿಗಿಂತ ಮೂರು ಅರ್ಧಾಂತರಗಳಷ್ಟು ಎತ್ತರ. ಅದರ ವಾದಕನ ಹಾಳೆಯನ್ನು ಸಾಮಾನ್ಯ ಗಿಟಾರಿಗೆ ಬರೆಯುವಂತೆಯೇ ಬರೆಯುತ್ತಿದ್ದರು. ನಾದವು ತಾನಾಗಿ ಏರಿ ಕೇಳುತ್ತಿತ್ತು. ಇಳಿಕೆಗೂ ನ್ಯಾಯವು ಇದೇ. ಹೀಗೆ ಒಂದೇ ವಾದ್ಯದಲ್ಲಿ, ಒಂದೇ ಶತಮಾನದಲ್ಲಿ, ಎರಡು ನಿಯಮಗಳು ಏರ್ಪಟ್ಟವು. ತಂತಿಗಳೆಲ್ಲವೂ ಸಮವಾಗಿ ಬದಲಾದರೆ ಲಿಪಿಯು ಸ್ಥಾನವನ್ನು ಹೇಳುತ್ತದೆ. ವಿಷಮವಾಗಿ ಬದಲಾದರೆ ನಾದವನ್ನು ಹೇಳುತ್ತದೆ. ಈ ಎರಡು ನಿಯಮಗಳೂ ಇಂದಿನವರೆಗೆ ನಡೆದುಬಂದಿವೆ.

ಇದೇ ಕಾಲದಲ್ಲಿ ನಾದಕ್ಕೆ ನಿಯತವಾದ ಪ್ರಮಾಣವನ್ನು ಕಟ್ಟುವ ಪ್ರಯತ್ನವೂ ನಡೆಯಿತು. ಫ್ರಾನ್ಸಿನ ಸರ್ಕಾರವು ೧೮೫೯ರಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ ೪೩೫ ಕಂಪನಗಳೆಂದು ಶಾಸನಮಾಡಿತು. ಆ ವಿಷಯವನ್ನು ಪರಿಶೀಲಿಸಿದ ಮಂಡಲಿಯಲ್ಲಿ ರೊಸ್ಸೀನಿಯೂ, ಸ್ವತಃ ಗಿಟಾರ್ ವಾದಕನಾಗಿದ್ದ ಬೆರ್ಲಿಯೋಸನೂ ಇದ್ದರು. ೧೯೩೯ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆಯು ಈ ಸಂಖ್ಯೆಯನ್ನು ೪೪೦ ಎಂದು ಗೊತ್ತುಮಾಡಿತು. ಇದರ ಪ್ರಕಾರ ಗಿಟಾರಿನ ಆರನೆಯ ತಂತಿಗೆ ೮೨.೪ ಕಂಪನಗಳು, ಅದನ್ನು ‘ಡಿ’ ಸ್ವರಕ್ಕೆ ಇಳಿಸಿದಾಗ ೭೩.೪. ಹಳೆಯ ಸಂಗೀತವನ್ನು ಹಳೆಯ ವಾದ್ಯಗಳಲ್ಲಿ ನುಡಿಸುವ ಇಂದಿನ ಮೇಳಗಳು ಹಲವು ವೇಳೆ ೪೧೫ ಕಂಪನಗಳ ‘ಎ’ ಸ್ವರವನ್ನು ಹಿಡಿಯುತ್ತವೆ. ಅವರೊಡನೆ ಕೂಡುವ ಗಿಟಾರಿನವನು ಎಲ್ಲ ತಂತಿಗಳನ್ನೂ ಒಂದು ಅರ್ಧಾಂತರ ಇಳಿಸಿ, ಹಾಳೆಯನ್ನು ಬರೆದಂತೆಯೇ ಓದುತ್ತಾನೆ. ಮೇಳವೆಲ್ಲವೂ ಜೊತೆಯಲ್ಲಿಯೇ ಇಳಿದಿರುವುದರಿಂದ ಅವನಿಗೆ ಯಾವ ತೊಡಕೂ ಇಲ್ಲ. ತೊಡಕು ತಗ್ಗಿನಲ್ಲಿಲ್ಲ, ಒಬ್ಬನೇ ತಗ್ಗುವುದರಲ್ಲಿದೆ.

೬

ಇಪ್ಪತ್ತನೆಯ ಶತಮಾನದಲ್ಲಿ ತಗ್ಗಿಸಿದ ಗಿಟಾರು ವಿದ್ವದ್ಗೋಷ್ಠಿಗಳ ಹೊರಗೆ ಬಹಳವಾಗಿ ಬೆಳೆಯಿತು. ಹವಾಯಿ ದ್ವೀಪಗಳಲ್ಲಿ ‘ಕೀ ಹೋಆಲು’ ಎಂಬ ವಾದನಕ್ರಮವು ಅದಕ್ಕೂ ಮೊದಲಿನಿಂದ ರೂಢಿಯಲ್ಲಿದೆ. ಸಡಿಲಿಸಿದ ಶ್ರುತಿ ಎಂದೇ ಆ ಪದದ ಅರ್ಥ. ೧೮೩೦ರ ಸುಮಾರಿನ ವರ್ಷಗಳಲ್ಲಿ ದನಗಳನ್ನು ಪಳಗಿಸುವುದಕ್ಕಾಗಿ ಬಂದ ಮೆಕ್ಸಿಕೋ ಕಡೆಯ ಗೋಪಾಲಕರಿಂದ ಗಿಟಾರು ಆ ದ್ವೀಪಗಳಲ್ಲಿ ಬಳಕೆಗೆ ಬಂದಿತೆಂದು ಹೇಳುತ್ತಾರೆ. ಅಲ್ಲಿಯ ಬಹು ಪ್ರಸಿದ್ಧವಾದ ಒಂದು ಶ್ರುತಿಯಲ್ಲಿ ಆರನೆಯ, ಐದನೆಯ ಮತ್ತು ಮೊದಲನೆಯ ತಂತಿಗಳು ಒಂದೊಂದು ಪೂರ್ಣಾಂತರ ಇಳಿದಿರುತ್ತವೆ. ಈ ವಿದ್ಯೆಯು ಮನೆತನಗಳಲ್ಲಿ ಕ್ರಮಾಗತವಾಗಿ, ಕಣ್ಣಿಂದ ಕಂಡು ಕಿವಿಯಿಂದ ಕೇಳಿ ಬಂದುದು. ಶ್ರುತಿಯ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡದ ಮನೆಗಳೂ ಇದ್ದವು. ಲಿಪಿಯಿಲ್ಲದಿದ್ದರೂ ಶ್ರುತಿಯೇ ಕೃತಿಯ ಸರ್ವಸ್ವವೆಂಬುದನ್ನು ಅವರು ಅರಿತಿದ್ದರು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಟೋನಿ ಐಯೋಮಿ ಎಂಬ ಯುವಕನು ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಎಡಚನಾದ ಅವನಿಗೆ ಮೆಟ್ಟುಗಳನ್ನು ಊರುವ ಕೈಯೇ ಅದಾಗಿದ್ದಿತು. ಅವನ ‘ಬ್ಲಾಕ್ ಸಬ್ಬತ್’ ತಂಡವು ೧೯೭೧ರಲ್ಲಿ ಹೊರತಂದ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಧ್ವನಿಮುದ್ರಿಕೆಯ ಹಲವು ಗೀತೆಗಳಲ್ಲಿ ತಂತಿಗಳೆಲ್ಲವೂ ಮೂರು ಅರ್ಧಾಂತರಗಳಷ್ಟು ತಗ್ಗಿವೆ. ಕಂಪನಸಂಖ್ಯೆಯು ತಂತಿಯ ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ, ತಂತಿಯು ಅದೇ ಆಗಿದ್ದರೆ, ಇಷ್ಟು ಇಳಿಸಿದಾಗ ಬಿಗಿತವು ನೂರಕ್ಕೆ ಸುಮಾರು ೨೯ರಷ್ಟು ಕಡಮೆಯಾಗುತ್ತದೆ. ನೊಂದ ಬೆರಳಿಗೆ ಅದು ದೊಡ್ಡ ಉಪಶಮನ. ಅದರಿಂದ ಹುಟ್ಟಿದ ಭಾರವಾದ ಧ್ವನಿಯು ಆ ಜಾತಿಯ ಸಂಗೀತಕ್ಕೆ ಲಕ್ಷಣವೇ ಆಗಿಹೋಯಿತು. ಇಂಥ ಗೀತೆಗಳನ್ನು ಅಚ್ಚುಮಾಡುವ ಪುಸ್ತಕಗಳಲ್ಲಿ ಪಂಚರೇಖೆಯ ಕೆಳಗೆ ಆರು ಗೆರೆಗಳ ಅಂಕಲಿಪಿಯನ್ನೂ ಕೊಡುವುದು ವಾಡಿಕೆಯಾಗಿದೆ. ಮಿಲಾನನ ಕಾಲದ ಲಿಪಿಯು ಹೀಗೆ ಮರಳಿ ಬಂದುದಕ್ಕೆ ಅಂದಿನ ಕಾರಣವೇ ಇಂದಿನ ಕಾರಣವೂ ಆಗಿದೆ.

೭

ಈ ಚರಿತ್ರೆಯಿಂದ ಗ್ರಂಥಸಂಪಾದಕರು ಕಲಿಯಬೇಕಾದುದೇನು? ವಿಹುವೇಲದ ಗ್ರಂಥಗಳಲ್ಲಿ ಮಿಲಾನನದನ್ನು ಲಿಯೋ ಶ್ರಾಡೆಯು ೧೯೨೭ರಲ್ಲಿಯೂ, ನಾರ್ವಾಯೆಸ್ ಮತ್ತು ಮುದಾರ್ರರವನ್ನು ಎಮಿಲಿಯೊ ಪುಹೋಲನು ೧೯೪೫ ಮತ್ತು ೧೯೪೯ರಲ್ಲಿಯೂ ಪಂಚರೇಖಾಲಿಪಿಗೆ ತಂದು ಪ್ರಕಟಿಸಿದರು. ಮೂರು ಶತಮಾನಗಳಿಗೂ ಮಿಕ್ಕಿ ಮೌನವಾಗಿದ್ದ ಸಂಗೀತವು ಈ ಮಹನೀಯರ ಶ್ರಮದಿಂದ ಮತ್ತೆ ಕೇಳುವಂತಾಯಿತು. ಆದರೆ ಸ್ಥಾನವಾಚಕವನ್ನು ನಾದವಾಚಕವಾಗಿ ಪರಿವರ್ತಿಸುವಾಗ ಮೂಲದಲ್ಲಿಲ್ಲದ ಒಂದು ನಿರ್ಣಯವನ್ನು ಸಂಪಾದಕನು ಮಾಡಲೇಬೇಕಾಗುತ್ತದೆ. ವಾದ್ಯದ ಮೊದಲನೆಯ ತಂತಿಯು ‘ಜಿ’ ಎಂದೋ ‘ಎ’ ಎಂದೋ ‘ಇ’ ಎಂದೋ ಅವನು ಕಲ್ಪಿಸಿಕೊಳ್ಳಬೇಕು. ಮಿಲಾನನಿಗೆ ಈ ಆಯ್ಕೆಯೇ ಅನಾವಶ್ಯಕವಾಗಿದ್ದಿತು.

ಇಂದಿನ ಗಿಟಾರಿನಲ್ಲಿ ಇದರ ಪರಿಣಾಮವು ಪ್ರತ್ಯಕ್ಷವಾಗಿದೆ. ವಿಹುವೇಲದ ತಂತಿಗಳ ಪರಸ್ಪರ ಅಂತರಗಳಿಗೂ ಗಿಟಾರಿನ ತಂತಿಗಳ ಅಂತರಗಳಿಗೂ ಇರುವ ಭೇದವು ಒಂದೇ ಸ್ಥಳದಲ್ಲಿ: ಗಿಟಾರಿನ ಮೂರನೆಯ ತಂತಿಯನ್ನು ‘ಜಿ’ ಸ್ವರದಿಂದ ಒಂದು ಅರ್ಧಾಂತರ ಇಳಿಸಿದರೆ ಎರಡೂ ಒಂದಾಗುತ್ತವೆ. ಹಾಗೆ ಇಳಿಸಿಕೊಂಡವನು ನಾರ್ವಾಯೆಸನ ಮೂಲದ ಅಂಕಿಗಳನ್ನು ಯಾವ ಕಲ್ಪನೆಯೂ ಇಲ್ಲದೆ ನೇರವಾಗಿ ನುಡಿಸಬಲ್ಲನು. ಅದೇ ಕೃತಿಯನ್ನು ಪಂಚರೇಖಾಲಿಪಿಯಲ್ಲಿ ಓದುವವನಾದರೋ ಮೂರನೆಯ ತಂತಿಯ ಒಂದೊಂದು ಸ್ವರವನ್ನೂ ರೂಢಿಗಿಂತ ಒಂದು ಮೆಟ್ಟು ಮುಂದಕ್ಕೆ ಹುಡುಕಬೇಕು. ಸುಮಾರು ಐದು ಶತಮಾನಗಳ ಹಿಂದಿನ ಲಿಪಿಯು ಸುಲಭವಾಗಿಯೂ, ಪರಿಚಿತವಾದ ಲಿಪಿಯು ಕಷ್ಟವಾಗಿಯೂ ತೋರುವುದು ಹೀಗೆ. ಹಾಗೆಂದು ಪಂಚರೇಖಾಲಿಪಿಯನ್ನು ಬಿಡಬೇಕೆಂದು ಹೇಳಲಾಗದು. ಕಂಠಗಳ ಚಲನೆಯನ್ನು ಅಂಕಲಿಪಿಯು ಕಾಣಿಸಲಾರದು. ಬೆರಳಿನ ಸ್ಥಾನವನ್ನು ಪಂಚರೇಖಾಲಿಪಿಯು ಕಾಣಿಸಲಾರದು. ಎರಡನ್ನೂ ಒಂದರ ಕೆಳಗೊಂದು ಮುದ್ರಿಸುವ ಪದ್ಧತಿಯೇ ಯುಕ್ತವಾದುದು.

ಲಿಪಿಯು ಯಾವುದೇ ಆಗಿರಲಿ, ಕೃತಿಯ ತಲೆಯ ಮೇಲೆ ಬರೆದ ಶ್ರುತಿಸೂಚನೆಯು ಕೃತಿಯ ಹೊರಗಿನದಲ್ಲ. ಮುದಾರ್ರನ ‘ಹಳೆಯ ಶ್ರುತಿ’ ಎಂಬ ಮಾತನ್ನು ಮುದ್ರಕನು ಬಿಟ್ಟಿದ್ದರೆ ಗಿಟಾರಿನ ಮೊದಲ ಮುದ್ರಿತ ಕೃತಿಯು ಇಂದು ವಿಕೃತವಾಗಿ ಕೇಳುತ್ತಿತ್ತು. ಐದನೆಯ ತಂತಿಯನ್ನು ಹೇಗೆ ಕಟ್ಟಬೇಕೆಂದು ಬರೆಯದ ಗ್ರಂಥಗಳಿಗೆ ಆದ ಗತಿಯನ್ನು ಮೇಲೆ ನೋಡಿದುದಾಯಿತು. ಪ್ರತಿಗಳನ್ನು ಸಂಗ್ರಹಿಸುವವರೂ, ಅಚ್ಚಿಗೆ ಕೊಡುವವರೂ, ಪಾಠ ಹೇಳುವವರೂ ಆ ಒಂದು ಪಂಕ್ತಿಯನ್ನು ಮೂಲಪಾಠದ ಮೊದಲನೆಯ ಸ್ವರವೆಂದೇ ಭಾವಿಸಿ ರಕ್ಷಿಸತಕ್ಕದ್ದು.